ಮುದ್ದೆಯಲ್ಲ, ಮೊಮೊ

ಪುಟ್ಟಬಸಮ್ಮ ಸೊಪ್ಪು ತುಂಬಿದ ಮೊಮೊವನ್ನು ಚಟ್ನಿಗೆ ಅದ್ದಿ, ಇಡಿಯಾಗಿ ಬಾಯಿಗಿಟ್ಟುಕೊಂಡು ನುಂಗಲು ಕತ್ತು ಚಾಚಿದಳು.

“ಅವ್ವಾ, ನುಂಗ್ಬ್ಯಾಡ! ಅಗೀಬೇಕು ಕಣವ್ವಾ!” ಎಂದು ಬಡಿಸುತ್ತಿದ್ದ ಬಾಣಸಿಗ ನೊರ್ಬು ಅವಳ ಕೈ ಹಿಡಿದ. ಅವಳ ಊರು ಶಾಗ್ಯಕ್ಕೊಂದು ಆಂಬುಲೆನ್ಸ್ ಕೊಳ್ಳಲು ಅವನೇ ಕೊಳ್ಳೇಗಾಲದಲ್ಲಿ ಏರ್ಪಡಿಸಿದ್ದ ಸಹಾಯಾರ್ಥ ಊಟವದು. ಟಿಬೆಟಿನವರ ಅಡುಗೆ ಒಗ್ಗೀತೋ ಇಲ್ಲವೋ ಎಂದು ಪಂಕ್ತಿಯವರೆಲ್ಲ ತಟ್ಟೆ ಮುಟ್ಟದೆ, ಹಿರಿಯಳಾದ ಅವಳ ಮುಖವನ್ನೇ ನೋಡುತ್ತಿದ್ದರು. ಒಡೆಯರಪಾಳ್ಯದ ನಿರಾಶ್ರಿತರ ಕ್ಯಾಂಪಿಗೆ ಬಂದ ಹೊಸತರಲ್ಲಿ, ರಾಗಿಮುದ್ದೆ ಅಗಿದಗಿದು ಅಳುತ್ತಿದ್ದ ಪುಟ್ಟ ನೊರ್ಬುವಿಗೆ ಗಂಟಲು ನೀವಿ ನುಂಗಲು ಕಲಿಸಿದ್ದವಳೂ ಅವಳೇ.

ಪುಟ್ಟಬಸಮ್ಮ ತುತ್ತನ್ನು ದವಡೆಗೆ ಸರಿಸಿದಳು. “ನಿಂಗೆ ಹಲ್ಲಿದ್ದಾಗ ನಾನು ನುಂಗು ಅಂದೆ. ಈಗ ನಂಗೆ ಹಲ್ಲಿಲ್ದಾಗ ನೀನು ಅಗಿ ಅಂತೀಯಲ್ಲಾ!” ಎಂದು ಬೊಚ್ಚುಬಾಯಿ ಬಿಟ್ಟು ನಕ್ಕು, ನಿಧಾನವಾಗಿ ಮೆಲ್ಲತೊಡಗಿದಳು. “ಚೆನ್ನಾಗೈತೆ. ಇನ್ನೆರಡು ಇಕ್ಕು ಮಗ.”

“ಎಲ್ಲಾ ಅಜ್ಜಿಗೇ ಇಕ್ಬ್ಯಾಡ ಕಣಪ್ಪೋ, ಇತ್ತಗೂ ಬಾ!” ಎಂದು ಪಂಕ್ತಿಯ ತುದಿಯಿಂದ ಯಾರೋ ಕೂಗಿದರು.