ಇನ್ನೊಂದು ಮತ

ಪರದೆಯ ಹಿಂದೆ ಮತಚೀಟಿ ಹರಡಿಕೊಂಡು ನಿಂತಿದ್ದ ಇಸ್ತ್ರಿಯವಳ ಹೆಗಲ ಮೇಲಿಂದ ಒಂದು ತೋರುಬೆರಳು ಮುಂದೆ ಚಾಚಿತು. "ಅವಳಿಗೆ ಓದು ಬರಲ್ಲ" ಎಂದು ಅಧಿಕಾರಿಗೆ ಹೇಳಿ ಗಂಡನೂ ಒಳಗೆ ನುಗ್ಗಿದ್ದ. "ಇಲ್ಲಿ ಮುದ್ರೆ ಒತ್ತು. ಮನೆಯ ಎರಡೂ ಮತ ನಿಮ್ಮವೇ ಅಂತ ಧಣಿಗಳಿಗೆ ಮಾತು ಕೊಟ್ಟಿದ್ದೀನಿ," ಎಂದ. ಚುನಾವಣೆಗೆ ನಿಂತಿದ್ದವನು ಗಂಡ ದುಡಿಯುವ ಕಾರ್ಖಾನೆಯ ಧಣಿ.

ಹೆಂಗಸರಿಗೆ ಮತ ಹಾಕುವ ಹಕ್ಕು ಸಿಕ್ಕಿದ ಮೇಲೆ ಅದೇ ಮೊದಲ ಚುನಾವಣೆ. ಮದುವೆಯಾದಾಗಿನಿಂದ ಆ ಬೆರಳು ಅಂಗಿಯ ಸುಕ್ಕು ತೋರಿಸಿತ್ತು, ಮೂಲೆಯ ಕಸ ತೋರಿಸಿತ್ತು, ಸಿಟ್ಟು ಬಂದ ದಿನ ಬಾಗಿಲನ್ನೂ ತೋರಿಸಿತ್ತು. ಅವಳು ತುಟಿಪಿಟಿಕ್ಕೆಂದಿರಲಿಲ್ಲ. ಇವತ್ತು ಮಾತ್ರ, ಇಸ್ತ್ರಿಪೆಟ್ಟಿಗೆ ಹಿಡಿದು ಜಡ್ಡುಗಟ್ಟಿದ ಅಂಗೈಯನ್ನು ಚೀಟಿಯ ಮೇಲೆ ಮುಚ್ಚಿದಳು.

"ಹೊರಗೆ ನಿಂತ್ಕೊಳ್ಳಿ."

"ನಿಂಗೇನೇ ಗೊತ್ತಾಗುತ್ತೆ?"

"ನೀವು ಹಾಕೋವಾಗ ನಾನು ಬಂದು ಬೆರಳು ತೋರಿಸಿದ್ನಾ?"

ಅವನು ಕದಲಲಿಲ್ಲ. ಅವಳೇ ಪರದೆಯನ್ನು ಪೂರ್ತಿ ಸರಿಸಿ, ಸಾಲಿನಲ್ಲಿದ್ದ ಹೆಂಗಸರಿಗೆಲ್ಲ ಅವನು ಕಾಣುವಂತೆ ಮಾಡಿದಳು. ಮುಂದೆ ನಿಂತಿದ್ದ ಮುದುಕಿ, "ಏನಪ್ಪಾ, ನಿನ್ನ ಸರದಿ ಆಗಲೇ ಮುಗೀತಲ್ಲ. ಇನ್ನೊಂದು ಬೇಕಿದ್ರೆ ಹೆಣ್ಣಾಗಿ ಹುಟ್ಟಿ ಬಾ," ಎಂದಳು. ಸಾಲಿಗೆ ಸಾಲೇ ಗೊಳ್ಳೆಂದು ನಕ್ಕಿತು. ಅಧಿಕಾರಿ ಎದ್ದು ನಿಂತ. ಗಂಡ ತಲೆ ತಗ್ಗಿಸಿಕೊಂಡು ಆಚೆ ಬಂದ. ಅವಳು ಪರದೆ ಎಳೆದುಕೊಂಡಳು.

"ಧಣಿಗಳಿಗೆ ನಾನೇನಂತ ಹೇಳ್ಲಿ?" ಪರದೆಯಾಚೆಯಿಂದ ಅವನ ದನಿ ಕೇಳಿತು. ಎಂದೂ ಇಷ್ಟು ಮೆಲ್ಲಗೆ ಅವನು ಅವಳನ್ನು ಏನನ್ನೂ ಕೇಳಿರಲಿಲ್ಲ.

"ನಿಮ್ಮದು ಹಾಕಿದ್ದೀರಿ ಅಂತ ಹೇಳಿ. ಇನ್ನೊಂದು ಬೇಕಿದ್ರೆ ಅವರೇ ಬಂದು ನನ್ನ ಕೇಳ್ಲಿ," ಎಂದು ಅವಳು ತನಗೆ ಬೇಕಾದ ಕಡೆ ಮುದ್ರೆ ಒತ್ತಿದಳು.