ವಲ್ಲಿಯ ಕೆಳಗಿನ ಕೈ

ಹೆಗಲಿನ ವಲ್ಲಿ ಬಟ್ಟೆಯ ಕೆಳಗೆ ನಾರಪ್ಪ ಬೆರಳು ಹಿಡಿದ. ಎಷ್ಟು ಬೆರಳು ಹಿಡಿದನೆಂದು ದಲ್ಲಾಳಿ ತಿಮ್ಮರಾಯಪ್ಪನಿಗೆ ತಿಳಿಯಲಿಲ್ಲ.

ಅದಿಯಮಾನ್‌ಕೋಟೆಯ ಆಚೆ ಸೇರುವ ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಆಡುವ ಹಾಗಿಲ್ಲ. ಮಾರುವವನು ವಲ್ಲಿಯ ಮರೆಯಲ್ಲಿ ದಲ್ಲಾಳಿಯ ಬಲಗೈ ಹಿಡಿಯಬೇಕು. ಇಡೀ ಕೈ ಅಮುಕಿದರೆ ಐವತ್ತು, ಆಮೇಲೆ ಹಿಡಿದ ಒಂದೊಂದು ಬೆರಳಿಗೂ ಹತ್ತು. ದಲ್ಲಾಳಿ ಅದನ್ನು ಹಾಗೆಯೇ ಕೊಳ್ಳುವವನ ಕೈಗೆ ದಾಟಿಸಬೇಕು. ಸುತ್ತ ನೂರು ಜನ ನಿಂತು ಕಣ್ಣು ಬಿಟ್ಟರೂ ವ್ಯಾಪಾರ ಮಾತ್ರ ಮೂವರದು. ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದ್ದ ತಿಮ್ಮರಾಯಪ್ಪ ಹೆಂಡತಿಯ ಜೊತೆ ಬಾಯಲ್ಲಿ ಆಡಿದ್ದಕ್ಕಿಂತ ಹೆಚ್ಚನ್ನು ಈ ಬೆರಳುಗಳಲ್ಲೇ ಆಡಿದ್ದ.

ಹೋದ ಮಳೆಗಾಲದಿಂದ ಅವನ ಬಲಗೈಯ ಕಿರುಬೆರಳು, ಅದರ ಪಕ್ಕದ ಬೆರಳು ಮರಗಟ್ಟಿದ್ದವು. ಬೀಡಿಯ ಕೆಂಡ ತಾಗಿ ಚರ್ಮ ಸುಟ್ಟ ವಾಸನೆ ಬಂದ ಮೇಲಷ್ಟೇ ಅದು ಗೊತ್ತಾಗಿತ್ತು. ಹಗ್ಗ ಎಳೆದೂ ಎಳೆದೂ ಹೀಗಾಗಿದೆ ಎಂದು ಹೆಂಡತಿಗೆ ಹೇಳಿದ, ತನಗೂ ಹೇಳಿಕೊಂಡ. ಕುಷ್ಠವೆಂಬ ಮಾತನ್ನು ಒಳಗೊಳಗೂ ಅಂದುಕೊಳ್ಳಲಿಲ್ಲ. ಅದು ಊರಿಗೆ ತಿಳಿದರೆ ಊರಾಚೆ ಒಂಟಿ ಗುಡಿಸಲು, ದೂರದಿಂದ ಸುರಿದು ಹೋಗುವ ಅಂಬಲಿ. ಎಡಗೈಯಲ್ಲಿ ಕುದುರಿಸಿದ ದನ ಬಾಳುವುದಿಲ್ಲವೆಂದು ಜನ ಆ ಕೈ ಮುಟ್ಟುವುದಿಲ್ಲ. ಹಾಗಾಗಿ ಮಾರುವವರ ಮುಖ ನೋಡಿ, ಮೊಣಕೈ ಅಲುಗುವುದನ್ನು ನೋಡಿ, ಅಂದಾಜಿನಲ್ಲೇ ಇಷ್ಟು ದಿನ ತಳ್ಳಿದ್ದ. ಇವತ್ತು ನಡುಬೆರಳೂ ಸತ್ತಿತ್ತು.

ಎದುರಿಗಿದ್ದವನಾದರೂ ಯಾರೋ ದಾರಿಹೋಕನೇ? ಸ್ವಂತ ಬೀಗ. ತಿಮ್ಮರಾಯಪ್ಪನ ಒಬ್ಬಳೇ ಮಗಳು ಚಿನ್ನಕ್ಕನನ್ನು ನಾರಪ್ಪ ಸೊಸೆಯಾಗಿ ತಂದುಕೊಂಡು ಮೂರು ವರ್ಷವಾಗಿತ್ತು. ಅವಳಿಗೆ ಎಂಟು ತಿಂಗಳ ಕೂಸೂ ಇತ್ತು.

ಐವತ್ತರ ಹಿಡಿತ ತೋಳು ಜಗ್ಗಿದ್ದರಿಂದ ತಿಳಿದಿತ್ತು. ಆಮೇಲಿನದು ಎರಡೋ, ಮೂರೋ? ತಿಮ್ಮರಾಯಪ್ಪ ಎರಡೇ ಇರಬೇಕು ಎಂದುಕೊಂಡ. ಮೇಟೂರು ಅಣೆಕಟ್ಟೆಗೆ ಕಲ್ಲು ಸಾಗಿಸಲು ಜೋಡಿ ಎತ್ತು ಹುಡುಕಿಕೊಂಡು ಬಂದಿದ್ದ ಅಣ್ಣಾಮಲೈಯ ಕೈಯನ್ನು ವಲ್ಲಿಯೊಳಗೆ ಎಳೆದುಕೊಂಡು ಎಪ್ಪತ್ತು ದಾಟಿಸಿದ. ಹೆಬ್ಬೆರಳು, ತೋರುಬೆರಳು ಇನ್ನೂ ಅವನ ಮಾತು ಕೇಳುತ್ತಿದ್ದವು. ಅಣ್ಣಾಮಲೈ ಒಂದು ಸಲವೂ ಚೌಕಾಶಿ ಮಾಡದೆ "ಸರಿ" ಎಂದುಬಿಟ್ಟ. ಆ ಅವಸರ ಕಂಡೇ ತಿಮ್ಮರಾಯಪ್ಪನಿಗೆ ಬೆಲೆ ಕಮ್ಮಿಯಾಯಿತೆಂದು ತಿಳಿಯಿತು. ಅಷ್ಟರಲ್ಲಿ ನಾರಪ್ಪನ ಎತ್ತಿನ ಹಗ್ಗ ಕೈ ಬದಲಾಗಿತ್ತು. ಹಗ್ಗ ಕೈ ಬದಲಾದ ಮೇಲೆ ಆ ಸಂತೆಯಲ್ಲಿ ವ್ಯಾಪಾರ ಮುರಿಯುವುದಿಲ್ಲ.

"ಮೂರು ಇಡ್ದೆ ನಾನು" ಎಂದ ನಾರಪ್ಪ, ಕೈಗೆ ಬಂದ ನೋಟುಗಳನ್ನು ನೋಡಿ.

"ಎರಡೇ ಬೀಗ. ಎರಡೇ ಇಡ್ದೆ ನೀನು."

"ನನ್ ಕೈ ನಂಗೆ ಗೊತ್ತಿಲ್ವಾ? ಆಕು ವಲ್ಲಿ, ಇನ್ನೊಂದು ಸಲ."

ಬೇರೆ ದಾರಿ ಕಾಣದೆ ತಿಮ್ಮರಾಯಪ್ಪ ವಲ್ಲಿ ಹಾಸಿದ. ನಾರಪ್ಪ ಕೈ ಒಳಗೆ ತೂರಿಸಿದ. ಈ ಸಲ ಅವನ ಮೊಣಕೈ ಅಲುಗಲಿಲ್ಲ. ಕಣ್ಣು ಬೀಗನ ಮುಖದ ಮೇಲೇ ನೆಟ್ಟಿತ್ತು.

"ಈಗೆಷ್ಟು?"

"ಮೂರು."

ನಾರಪ್ಪ ವಲ್ಲಿಯ ಅಂಚನ್ನು ಇಬ್ಬರಿಗೇ ಕಾಣುವಷ್ಟು ಎತ್ತಿದ. ಹಿಡಿದಿದ್ದು ಒಂದೇ ಬೆರಳು, ಕಿರುಬೆರಳು. ಅದನ್ನು ಹಿಂದಕ್ಕೆ ಬಗ್ಗಿಸಿ ಉಗುರು ಇಳಿಸಿದ್ದ. ರಕ್ತ ಮಣಿಕಟ್ಟಿನವರೆಗೂ ಹರಿದಿತ್ತು. ತಿಮ್ಮರಾಯಪ್ಪ ಅದನ್ನು ಯಾರದೋ ಬೆರಳು ಎಂಬಂತೆ ನೋಡಿದ.

ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದ ಅಣ್ಣಾಮಲೈ ತಿರುಗಿ, ಏನು ತಕರಾರೆಂದು ತಮಿಳಿನಲ್ಲಿ ಕೇಳಿದ. "ಎನ್ನ, ಏದಾವದು ತಗರಾರಾ?"

ಹತ್ತಾರು ತಲೆಗಳು ಇತ್ತ ತಿರುಗಿದವು. ನಾರಪ್ಪ ಒಂದು ಮಾತು ಆಡಿದ್ದರೆ ಸಾಕಿತ್ತು, ಇಪ್ಪತ್ತೆರಡು ವರ್ಷ ಆ ಕೈ ಹಿಡಿದವರೆಲ್ಲ ಅಲ್ಲೇ ಕಲ್ಲು ಎತ್ತಿಕೊಳ್ಳುತ್ತಿದ್ದರು.

"ಒಂದುಂ ಇಲ್ಲೆ" ಎಂದ ನಾರಪ್ಪ. "ಬೀಗರ ಮನೆ ಮಾತು. ನೀಂಗ ಪೋಂಗೊ." ಹೋಗೆಂದು ಅವನಿಗೆ ತಲೆಯಾಡಿಸಿ, ವಲ್ಲಿಯನ್ನು ಆ ಕೈಯ ಮೇಲೆ ಮೆಲ್ಲಗೆ ಇಳಿಬಿಟ್ಟ.

ಅಣ್ಣಾಮಲೈ ಎತ್ತು ಹೊಡೆದುಕೊಂಡು ಹೋದ, ಜನ ಚದುರಿದರು. ತಿಮ್ಮರಾಯಪ್ಪನಿಗೆ ಹೋದ ಜೀವ ಬಂದಂತಾಯಿತು. ಇಂಥ ಬೀಗ ಯಾರಿಗೆ ಸಿಗುತ್ತಾನೆ ಎಂದು ಕಣ್ಣು ತುಂಬಿ ಬಂತು. ಸೊಂಟದ ಚೀಲ ಬಿಚ್ಚಿ ಎಡಗೈಯಿಂದಲೇ ಹತ್ತರ ನೋಟು ಚಾಚಿದ.

"ನಿಂಗೆ ಕಮ್ಮಿ ಬಿದ್ದಿದ್ದು. ಬರೋ ವಾರದಿಂದ ಸಂತೆ ಕಡೆ ತಲೆ ಆಕಾಕಿಲ್ಲ ನಾನು. ನನ್ ಮಾನ ಉಳಿಸ್ದೆ."

ನಾರಪ್ಪ ನೋಟು ಮುಟ್ಟಲಿಲ್ಲ. ದನಗಳ ನೀರಿನ ತೊಟ್ಟಿಯ ಹತ್ತಿರ ಹೋಗಿ ಕುಕ್ಕರಿಸಿದ. ಮಣ್ಣು ತೆಗೆದು ಕೈ ತಿಕ್ಕಿದ, ತೊಳೆದ, ಮತ್ತೆ ಮಣ್ಣು ಹಾಕಿ ತಿಕ್ಕಿದ. ಬೆನ್ನು ಹಾಕಿಕೊಂಡೇ ಮಾತಾಡಿದ.

"ಉಳಿಸ್ಕಂಡಿದ್ದು ನನ್ ಮನೆ ಮಾನ. ನಾಳೆ ಬೆಳಗ್ಗೆ ಚಿನ್ನಕ್ಕನ್ನ ಗಾಡಿ ಅತ್ತಿಸಿ ಕಳಿಸ್ತೀನಿ. ಇನ್ ನಿನ್ ಮನೇಲೇ ಇರ್ಲಿ. ಅವಳೊಬ್ಬಳೇ ಬತ್ತಾಳೆ."

"ಕೂಸು ಇನ್ನಾ ಮೊಲೆ ಕುಡೀತೈತೆ ಬೀಗ" ಎಂದ ತಿಮ್ಮರಾಯಪ್ಪ.

ನಾರಪ್ಪ ಎದ್ದು, ಒದ್ದೆ ಕೈಯನ್ನು ಪಂಚೆಗೂ ಒರೆಸದೆ ಹಾಗೇ ಗಾಳಿಯಲ್ಲಿ ಹಿಡಿದುಕೊಂಡ.

"ಮನೇಲಿ ಮೇಕೆ ಈದೈತೆ" ಎಂದ.