ಕೆನ್ನೆಯೊಳಗಿನ ಹಾಡು

ಸ್ವೆಟರಿನ ತೋಳು ಹೆಣೆಯುತ್ತಿದ್ದ ಎಲ್ಸ್ಬಾಳ ಎರಡು ಕೆನ್ನೆಗಳ ಮೇಲೂ ಫಿಸಿಯೋಥೆರಪಿಯ ಮಾರ್ನಾ ಅಂಗೈ ಇಟ್ಟಳು.

"ನಿಲ್ಲಿಸ್ಬೇಡಿ ಅಜ್ಜಿ. ಮನೇಲಿ ಹೆಂಗೆ ಹೆಣೀತೀರೋ ಹಂಗೇ ಹೆಣೀರಿ."

"ದವಡೆ ತೋರಿಸೋಕೆ ಬಂದ್ರೆ ಹೆಣಿಗೆ ಪರೀಕ್ಷೆ ಮಾಡ್ತೀಯಲ್ಲೇ," ಎಂದಳು ಎಲ್ಸ್ಬಾ, ಹಲ್ಲಿನ ಸಂದಿಯಿಂದ. ಅವಳ ಬಾಯಿ ಒಂದು ಬೆರಳಿನಷ್ಟೇ ತೆರೆಯುತ್ತಿತ್ತು. ದೊಡ್ಡಾಸ್ಪತ್ರೆಯವರು ದವಡೆಯ ಕೀಲು ಕೊಯ್ಯಬೇಕಾದೀತು ಎಂದಿದ್ದರು. ಅದಕ್ಕೆ ಮೊದಲು ಆರು ವಾರ ನನಗೆ ಬಿಡಿ ಎಂದು ಮಾರ್ನಾ ಕೇಳಿಕೊಂಡಿದ್ದಳು. ಇತ್ತ ಊರವರು, ಚಳಿಗಾಲದ ಮೊದಲ ಕುಣಿತಕ್ಕೆ ನೀವೇ ಹಾಡು ಎತ್ತಿಕೊಡಬೇಕು ಎಂದು ಕಾಗದ ಬರೆದು ತಿಂಗಳಾಗಿತ್ತು. ನೂರಾ ಎಂಬತ್ತು ಪದ್ಯಗಳ ಹಾಡು; ಬೇರೆ ವಾದ್ಯವಿಲ್ಲ, ಹಾಡಿಗೇ ಕುಣಿತ. ಫ್ಯಾರೋ ದ್ವೀಪಗಳ ಆ ಊರಿಗೆ ಊರೇ ಕೈ ಕೈ ಹಿಡಿದು ಸುತ್ತಬೇಕಾದರೆ ಮೊದಲು ಒಬ್ಬರ ಬಾಯಿ ತೆರೆಯಬೇಕು. ಏನೆಂದು ಉತ್ತರ ಬರೆಯುವುದು?

ಮಾರ್ನಾಳ ಅಂಗೈ ಕೆಳಗೆ ಸ್ನಾಯು ಮಿಡಿಯುತ್ತಿತ್ತು. ಬಿಗಿ, ಬಿಗಿ, ಸಡಿಲ. ಬಿಗಿ, ಬಿಗಿ, ಸಡಿಲ. ಮಾರ್ನಾಳ ಕಾಲು ತಾನಾಗಿ ಕುಣಿತದ ಹೆಜ್ಜೆಗೆ ಕದಲಿತು: ಎಡಕ್ಕೆ ಎರಡು, ಬಲಕ್ಕೆ ಒಂದು.

"ಅಜ್ಜಿ! ಬಾಯಿ ಮುಚ್ಕೊಂಡು ಹಾಡ್ತಿದ್ದೀರಾ?"

ಹೆಣಿಗೆಯ ಕಡ್ಡಿಗಳು ನಿಂತವು. "ಗಂಡ ಸತ್ತ ಮನೇಲಿ ಕುಣಿತದ ಹಾಡು ಜೋರಾಗಿ ಹಾಡೋಕಾಗುತ್ತೇನೆ? ಮರೆತೂ ಹೋಗ್ಬಾರ್ದು. ಅದಕ್ಕೆ ಒಳಗೊಳಗೇ ಹಾಡ್ಕೊಳ್ತೀನಿ. ಹಾನುಸ್ ಹೋದಾಗಿಂದ, ಮೂರು ವರ್ಷ."

"ಮೂರು ವರ್ಷದಿಂದ ತಾಳ ತಾಳಕ್ಕೂ ಹಲ್ಲು ಕಚ್ತಿದ್ದೀರಿ. ಅದಕ್ಕೇ ದವಡೆ ಬಿಗಿದಿರೋದು."

"ಕೈಗೆ ಕೇಳಿಸ್ತಾ ನಿಂಗೆ?" ಎಲ್ಸ್ಬಾ ಆ ಅಂಗೈಗಳನ್ನೇ ನೋಡಿದಳು. ಪಕ್ಕದ ಮನೆಯವರಿಗೂ ಕೇಳದ ಹಾಡು.

ಅಂದಿನಿಂದ ದಿನವೂ ಅಭ್ಯಾಸ: ನಾಲಿಗೆಯ ತುದಿ ಅಂಗುಳಕ್ಕೆ, ತುಟಿ ಮುಚ್ಚಿ, ಹಲ್ಲಿಗೆ ಹಲ್ಲು ತಾಗದಂತೆ. ಬಿಸಿ ಬಟ್ಟೆಯ ಶಾಖ. ವಾರಕ್ಕೆರಡು ಸಲ ಮಾರ್ನಾ ಕೈಗವಸು ತೊಟ್ಟು, ಹೆಬ್ಬೆರಳನ್ನು ದವಡೆಹಲ್ಲಿನ ಮೇಲಿಟ್ಟು ಮೆತ್ತಗೆ ಕೆಳಕ್ಕೆ ಒತ್ತುವಳು. "ಹಾಡ್ಬೇಕು ಅನ್ಸಿದ್ರೆ ಬಾಯಿ ಬಿಟ್ಟೇ ಹಾಡಿ ಅಜ್ಜಿ. ನಿಮ್ಮ ದನಿಗೆ ಗುಡ್ಡದ ಕುರಿಗಳು ಓಡಿಹೋದ್ರೆ ನಾನು ಹಿಡ್ಕೊಂಡು ಬರ್ತೀನಿ."

ಆರನೆಯ ವಾರ ಎಲ್ಸ್ಬಾ ಕನ್ನಡಿಯ ಮುಂದೆ ನಿಂತು ಬಾಯಿಗೆ ಒಂದರ ಮೇಲೊಂದು ಬೆರಳಿಟ್ಟು ನೋಡಿದಳು. ಒಂದು. ಎರಡು. ಮೂರನೆಯದೂ ಹೋಯಿತು. ಕತ್ತಿಯಿಲ್ಲ, ಹೊಲಿಗೆಯಿಲ್ಲ. ಬೆರಳು ತೆಗೆಯಲು ಮರೆತು ಅವಳು ಹಾಗೆಯೇ ನಿಂತಿದ್ದಳು.

ಆ ಮಧ್ಯಾಹ್ನವೇ ಊರವರಿಗೆ ಉತ್ತರ ಬರೆದು, ಗಾಳಿಗೆ ಎದುರಾಗಿ ನಡೆದು ಅಂಚೆಪೆಟ್ಟಿಗೆಗೆ ಹಾಕಿದಳು:

"ಹಾಡಲು ಬರುತ್ತೇನೆ. ಹಾನುಸ್ ನಿಲ್ಲುತ್ತಿದ್ದ ಕಡೆ ಯಾರನ್ನಾದರೂ ನಿಲ್ಲಿಸಿ, ನನ್ನ ಕೈ ಹಿಡಿಯಲು."